ಸೂರಿಗೆ ತೂಗಿದ ಸೋರೆಬುರುಡೆ

ಚಿಫೂಲೆ, ಸರೋವರದ ದಡ
ಮೇ 14, 2018

…ಹಾಗಾಗಿ ಗೋರಿಯ ಕಲ್ಲು ಕರಿಯದೇ ಆಗಲಿ. ಬಿಳಿಯದರ ಮೇಲೆ ಸರೋವರದ ನೊಣ ಕೂತರೆ ಒಂದು ಮಳೆಗಾಲ ಕಳೆಯುವುದರೊಳಗೆ ಹಳೇ ತಟ್ಟೆಯ ಹಾಗೆ ಕಾಣುತ್ತದೆ ಎಂದು ಹೇಳುತ್ತಿದ್ದೆ, ಅಷ್ಟರಲ್ಲಿ ನಿನ್ನೆ ಫೋನು ಸತ್ತಿತು. ಚಾರ್ಜಿಗೆ ಅಂಗಡಿಗೆ ಕೊಟ್ಟಿದ್ದೇನೆ. ಅದು ಬರುವ ತನಕ ಕಾಗದವೇ ಗತಿ. ನೀನು ಮ್ಝೂಝು ಪಟ್ಟಣದಲ್ಲಿ ತಿರುಗುವ ಕುರ್ಚಿಯ ಮೇಲೆ ಕೂತವನು, ಭಾವನ ಕೈಬರಹ ನೋಡಿ ನಗಬೇಡ ಲೇಟನ್. ಮಿನಿಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟರೆ ಸಂಜೆಗೆ ನಿನ್ನ ಮೇಜಿನ ಮೇಲಿರುತ್ತದೆ. ಫೋನಿಗಾದರೆ ‘ಮೀಟಿಂಗಿನಲ್ಲಿದ್ದೇನೆ’ ಎನ್ನುತ್ತೀಯ. ಕಾಗದಕ್ಕೆ ಹಾಗೆನ್ನಲು ಬರುವುದಿಲ್ಲ.

ಸೆಪ್ಟೆಂಬರಿನಲ್ಲಿ ನಿನ್ನ ಅಕ್ಕನ ಕಲ್ಲು ತೆರೆಯೋಣ. ಆ ಹೊತ್ತಿಗೆ ದಕ್ಷಿಣದ ಗಾಳಿ ಇಳಿದಿರುತ್ತದೆ, ಆಚೆ ದಡದ ನೆಂಟರೂ ದೋಣಿಯಲ್ಲಿ ಬರಬಹುದು. ಕಲ್ಲಿನ ಮೇಲಿನ ಬಟ್ಟೆ ಎಳೆಯಬೇಕಾದವನು ನೀನು. ಎಸ್ನತ್‌ಳ ತವರಿನ ಹಿರಿಯ ಗಂಡಸು ಅಂತ ಉಳಿದಿರುವವನು ನೀನೊಬ್ಬನೇ. ನೀನು ಬಟ್ಟೆ ಎಳೆದ ಮೇಲೆ ನಾನು ಊದುವ ಸೋರೆಬುರುಡೆ ಸೂರಿನಿಂದ ಇಳಿಯಬೇಕು, ಕುಣಿತದ ದಂಡಿನ ಸಾಲಿನಲ್ಲಿ ನನ್ನ ಜಾಗದಲ್ಲಿ ನಿಂತು ನಾನು ಅದನ್ನು ಊದಬೇಕು. ಅಲ್ಲಿಗೆ ಅವಳಿಗೂ ಬಿಡುಗಡೆ, ನನಗೂ. ಇದೆಲ್ಲ ನಿನಗೆ ಗೊತ್ತಿರುವುದೇ. ಆದರೂ ಪಟ್ಟಣ ಸೇರಿ ಬಹಳ ಕಾಲವಾಯಿತಲ್ಲ, ಹೇಳಿದರೆ ನಷ್ಟವಿಲ್ಲ.

ಹೋದ ವರ್ಷದ ಆರಂಭದಲ್ಲಿ ಅವಳನ್ನು ಮಣ್ಣಿಗಿಟ್ಟ ಸಂಜೆ ಕಟ್ಟಿದ ಬುರುಡೆ ಈಗಲೂ ಅಡುಗೆಕೋಣೆಯ ಸೂರಿನಲ್ಲಿ ಬಾಯಿ ಕೆಳಗಾಗಿ ತೂಗುತ್ತಿದೆ. ಕಲ್ಲು ತೆರೆಯುವ ತನಕ ಊದುವ ಹಾಗಿಲ್ಲ, ಕುಣಿಯುವ ಹಾಗಿಲ್ಲ, ಅದಕ್ಕೇ ಮುಟ್ಟಿಲ್ಲ. ದಂಡಿನಲ್ಲಿ ನನ್ನ ಜೊತೆ ನಿಲ್ಲುತ್ತಿದ್ದ ಮುದುಕರೆಲ್ಲ ತಮ್ಮ ತಮ್ಮ ಮನೆಗಳಲ್ಲಿ ಹಾಗೆಯೇ ಕಟ್ಟಿದರು. ಕೆನಾನಿ ತನ್ನ ದೊಡ್ಡ ಡೋಲಿಗೆ ಗೋಣಿ ಹೊದಿಸಿ ಮೂಲೆಗೆ ನಿಲ್ಲಿಸಿಬಿಟ್ಟ. ಬುರುಡೆ ಊದಿ ಕುಣಿಯುವ ಮಲಿಪೆಂಗಾ ದಂಡಿನ ಸಿಸ್ಟರ್ ತೀರಿಕೊಂಡರೆ ಮತ್ತೇನು ಮಾಡುತ್ತಾರೆ? ನಾವು ಬಿಳಿ ಚಡ್ಡಿ, ಉದ್ದ ಕಾಲುಚೀಲ ತೊಟ್ಟು ಸಿಪಾಯಿಗಳ ಹಾಗೆ ಹೆಜ್ಜೆ ಹಾಕುವಾಗ ಅವಳು ನರ್ಸಮ್ಮನ ಬಿಳಿ ಟೋಪಿ ಇಟ್ಟುಕೊಂಡು, ಕರವಸ್ತ್ರ ಹಿಡಿದು, ಸಾಲಿನ ಉದ್ದಕ್ಕೂ ಬಂದು ಒಬ್ಬೊಬ್ಬರ ಬೆವರು ಒರೆಸುತ್ತಿದ್ದಳು. ನನ್ನ ಮುಖ ಮಾತ್ರ ಎಲ್ಲರಿಗಿಂತ ಕೊನೆಗೆ, ಅದೂ ಪಾತ್ರೆ ತಿಕ್ಕಿದ ಹಾಗೆ.

ಹುಡುಗರು ಕಟ್ಟಲಿಲ್ಲ. ಹೋದ ವರ್ಷವೆಲ್ಲ ಲಾಡ್ಜಿನ ಬಿಳಿಯರ ಮುಂದೆ, ರಾಜಕೀಯದವರ ಲಾರಿಯ ಮುಂದೆ ಊದುತ್ತಾ ಓಡಾಡಿದರು. ನಿನ್ನ ಮಗ ವೊಂಗಾನಿಯೂ. ಅವನನ್ನು ಮಗುವಾಗಿದ್ದಾಗ ನಮ್ಮ ಮನೆಯಲ್ಲಿ ಬಿಟ್ಟುಹೋದವನು ನೀನು, ಸಾಕಿದವಳು ಅವಳು. ಇರಲಿ. ಈ ಮಾತು ಇಲ್ಲಿಗೆ ಬಿಟ್ಟೆ.

ಬೇರೆ ಏನೋ ಹೇಳಲು ಹೊರಟಿದ್ದೆ. ಹಾಂ, ನಿಮ್ಮ ಸಂಸ್ಕೃತಿ ಕಚೇರಿಯ ಹುಡುಗಿ. ಈಸ್ಟರಿಗೆ ಮೊದಲು ಸಮೀಕ್ಷೆಗೆ ಒಬ್ಬಳು ಬಂದಿದ್ದಳಲ್ಲ, ಮಿಸ್ ಮ್ಬೇವೆ ಅಂತ, ಹಲಗೆಯಷ್ಟಗಲದ ಫೋನು ಹಿಡಿದುಕೊಂಡು. ನೆಲಗಡಲೆ ಹುರಿದು ಕೊಟ್ಟೆ. ತಿನ್ನುತ್ತಾ ಕೇಳಿದಳು:

“ಅಜ್ಜಾ, ಹೋದ ಹನ್ನೆರಡು ತಿಂಗಳಲ್ಲಿ ಯಾವುದಾದ್ರೂ ಸಾಂಸ್ಕೃತಿಕ ಚಟುವಟಿಕೇಲಿ ಭಾಗವಹಿಸಿದೀರಾ?”

“ಇಲ್ಲಮ್ಮ.”

“ಕುಣಿತ?”

“ಇಲ್ಲ.”

“ಹಾಡು, ವಾದ್ಯ ಏನಾದ್ರೂ?”

“ಇಲ್ಲ.”

“ನೋಡೋಕಾದ್ರೂ ಹೋಗಿದ್ರಾ?”

“ಹೆಂಗೆ ಹೋಗ್ಲಮ್ಮ? ಬುರುಡೆ ಸೂರಲ್ಲಿದೆ. ನೋಡಲ್ಲಿ.”

ತಲೆಯೆತ್ತಿ ನೋಡಿದಳು. “ಚೆನ್ನಾಗಿದೆ ಅಜ್ಜಾ. ಅಲಂಕಾರಕ್ಕಾ?”

ಇನ್ನಷ್ಟು ನೆಲಗಡಲೆ ಕೊಟ್ಟೆ. ಕೆನಾನಿಯ ಮನೆಗೂ ಹೋಗಿದ್ದಳಂತೆ. “ಮಗಳೇ, ಹೆಂಡ್ತಿ ಹತ್ರ ಜಗಳ ಆಡೋದು ಸಾಂಸ್ಕೃತಿಕಾನಾ? ಅದಾದ್ರೆ ನಾನು ದಿನಾ ಭಾಗವಹಿಸ್ತೀನಿ ಅಂತ ಬರ್ಕೋ,” ಎಂದನಂತೆ ಆ ಪುಣ್ಯಾತ್ಮ. ಅವಳು ಅದನ್ನು ಬರೆದುಕೊಳ್ಳಲಿಲ್ಲವಂತೆ.

ಅಡುಗೆಕೋಣೆಯ ಹಿಂಗೋಡೆ ನಾನಿನ್ನೂ ಗುಡಿಸಿಲ್ಲ. ನಿನಗೆ ನೆನಪಿರಬಹುದು, ಅಲ್ಲಿನ ಜೇಡಗಳಿಗೆ ಪೊರಕೆ ತಾಗಿಸಿದರೆ ಎಸ್ನತ್ ಕೂಗಾಡುತ್ತಿದ್ದಳು. ಜೇಡ ಮೊಟ್ಟೆಗೆ ಸುತ್ತಿದ ಬಿಳಿ ಪೊರೆಯನ್ನು ಬೆರಳ ತುದಿಯಲ್ಲಿ ಬಿಡಿಸಿ, ಬುರುಡೆಯ ಪಕ್ಕೆಯಲ್ಲಿರುವ ತೂತಿಗೆ ರಬ್ಬರ್ ಮರದ ಹಾಲಿನಿಂದ ಅಂಟಿಸುವುದು ಪ್ರತಿ ವರ್ಷ ಅವಳದೇ ಕೆಲಸ. ನಾನು ಊದುವವನು, ಅಷ್ಟೆ. ಆ ಪೊರೆ ನಡುಗಿದರೆ ಅದು ಮಲಿಪೆಂಗಾ, ನಡುಗದಿದ್ದರೆ ಒಣ ಸೋರೆ. ಈಗ ತೂಗುತ್ತಿರುವ ಬುರುಡೆಗೂ ಅವಳೇ ಅಂಟಿಸಿದ್ದು, ಜ್ವರ ಬರುವ ಮುಂಚಿನ ವಾರ.

ಕಲ್ಲಿನ ವಿಷಯ ಬೇಗ ತಿಳಿಸು.

ನಿನ್ನ ಭಾವ,
ಯೋಸೆಯಾ ಲೋಂಗ್ವೆ

*

ಮ್ಝೂಝು
ಜೂನ್ 20, 2018

ಪ್ರೀತಿಯ ಭಾವನವರಿಗೆ,

ಕರಿ ಕಲ್ಲಿಗೇ ಹೇಳಿದ್ದೇನೆ. ಸೆಪ್ಟೆಂಬರ್ ಇಪ್ಪತ್ತೆರಡು, ಶನಿವಾರ, ಎಲ್ಲರಿಗೂ ಅನುಕೂಲ.

ನೀವು ಕಾಗದ ಬರೆದದ್ದು ಖುಷಿಯಾಯಿತು. ನನ್ನದೂ ಒಂದು ಸಂತೋಷದ ಸುದ್ದಿ. ನಮ್ಮ ಯೋಜನೆಗೆ ಮಂಜೂರಾತಿ ಬಂದಿದೆ, ಅದೂ ನಮ್ಮ ಚಿಫೂಲೆಯ ಅಂಕಿಗಳನ್ನು ನೋಡಿಯೇ. ಹದಿನೆಂಟರಿಂದ ಮೂವತ್ತೈದರವರೆಗಿನವರು ತುಂಬ ಚೆನ್ನಾಗಿ ಭಾಗವಹಿಸುತ್ತಿದ್ದಾರೆ. ಐವತ್ತೈದು ದಾಟಿದವರಲ್ಲಿ ಭಾಗವಹಿಸುವಿಕೆ ಸೊನ್ನೆ. ಇಡೀ ಜಿಲ್ಲೆಯಲ್ಲಿ ಇಷ್ಟು ಕಡಿಮೆ ಬೇರೆಲ್ಲೂ ಇಲ್ಲ. ನಮ್ಮ ಮುಖ್ಯಸ್ಥರಿಗೆ ಇದು ಬಹಳ ಮನಸ್ಸಿಗೆ ತಟ್ಟಿತು.

ಆದ್ದರಿಂದ ದಂಡನ್ನು ವಯಸ್ಸಿನ ಪ್ರಕಾರ ವಿಭಾಗ ಮಾಡುತ್ತಿದ್ದೇವೆ. ಯುವ ವಿಭಾಗಕ್ಕೆ ಹೊಸ ಸಮವಸ್ತ್ರ, ಹೊಸ ಡೋಲು, ಅಕ್ಟೋಬರಿನಲ್ಲಿ ಇಲ್ಲಿನ ಉತ್ಸವಕ್ಕೆ ಬಸ್ಸು. ವೊಂಗಾನಿಯೇ ಕ್ಯಾಪ್ಟನ್. ಹಿರಿಯರಿಗೆ ಪ್ರತ್ಯೇಕ ಪ್ರೋತ್ಸಾಹ ವಿಭಾಗ. ನಿಮ್ಮನ್ನೆಲ್ಲ ಯಾರೂ ಮರೆತಿಲ್ಲ ಭಾವ. ನಿಮಗಾಗಿಯೇ ಇದು.

ಆರೋಗ್ಯ ನೋಡಿಕೊಳ್ಳಿ. ಮಾತ್ರೆ ಬಿಡಬೇಡಿ.

ನಿಮ್ಮ ಪ್ರೀತಿಯ,
ಲೇಟನ್ ಮ್ಫಾಂಡೆ

*

ಚಿಫೂಲೆ
ಜುಲೈ 2, 2018

ಲೇಟನ್,

ನಿನ್ನ ಕಾಗದ ಎರಡು ಸಲ ಓದಿದೆ. ನಾನು ಟೀಚರ್ಸ್ ಕಾಲೇಜಿನಲ್ಲಿ ಒಂದೂವರೆ ವರ್ಷ ಇದ್ದವನು, ಆಮೇಲೆ ರಬ್ಬರ್ ತೋಟದ ಸ್ಟೋರಿನಲ್ಲಿ ಇಂಗ್ಲಿಷ್ ಬಾಸ್‌ಗಳ ಕೈಕೆಳಗೆ ಮುದಿಯಾದವನು. ಕಾಗದದ ಸಾಲುಗಳ ನಡುವೆ ಏನಿದೆ ಎಂದು ಅರ್ಥವಾಗುತ್ತದೆ. ‘ಐ ಆಮ್ ಡೈರೆಕ್ಟೆಡ್ ಟು ಇನ್‌ಫಾರ್ಮ್ ಯೂ’ ಎಂದು ಶುರುವಾಗುವ ಕಾಗದ ಯಾವತ್ತೂ ಒಳ್ಳೆಯದನ್ನು ತರುವುದಿಲ್ಲ. ನೀನು ಆ ಮಾತು ಬರೆಯಲಿಲ್ಲ, ಅಷ್ಟೇ ವ್ಯತ್ಯಾಸ.

ಸೊನ್ನೆ ಅಂದೆಯಾ? ಸೊನ್ನೆಯೇ. ಹೋದ ವರ್ಷ ಯಾರ ಮನೆಯಲ್ಲಿ ಸಾವಾಗಿತ್ತು ನಿನಗೆ ಗೊತ್ತಿಲ್ಲವೇ? ಹೆಣದ ಪೆಟ್ಟಿಗೆಯ ತಲೆಕಡೆ ಹೆಗಲು ಕೊಟ್ಟವನು ನೀನು. ಅವಳಿಗಾಗಿ ಬುರುಡೆ ಕಟ್ಟಿದವರು ನಾವು. ಆ ಹುಡುಗಿ ಬಂದು ಕೇಳಿದ್ದು ಆ ಹನ್ನೆರಡು ತಿಂಗಳನ್ನೇ. ನಾವು ‘ಇಲ್ಲ’ ಅನ್ನದೆ ಇನ್ನೇನು ಅನ್ನಬೇಕಿತ್ತು? ಕಟ್ಟದವರನ್ನು ಭಾಗವಹಿಸಿದವರು ಅಂತ ಬರೆದುಕೊಂಡಿರಿ, ಕಟ್ಟಿದವರನ್ನು ಸೊನ್ನೆ ಅಂತ. ನಾವು ನಲವತ್ತು ವರ್ಷ ಊದಿದ್ದನ್ನು ಅವಳು ಕೇಳಲೇ ಇಲ್ಲ. ಕೇಳಿದ್ದರೆ ಹೇಳುತ್ತಿದ್ದೆವು, ನಮಗೇನು ಬಾಯಿಲ್ಲವೇ.

ವೊಂಗಾನಿ ಭಾನುವಾರ ಬಂದಿದ್ದ. ಕೂರು ಎಂದರೆ ಕೂರಲಿಲ್ಲ. ಟೋಪಿ ಕೈಯಲ್ಲಿ ಹಿಡಿದು ತಿರುಗಿಸುತ್ತಾ ನಿಂತ.

“ಮಾವ, ಹೊಸ ನಿಯಮದ್ದು ಅಪ್ಪ ಬರ್ದಿದಾರಲ್ಲ?”

“ಬರ್ದಿದಾನೆ.”

“ನಾನು ಮಾಡಿದ್ದಲ್ಲ ಮಾವ.”

“ಯಾರು ಮಾಡಿದ್ದು ಅಂದೆ ನಾನು? ನನ್ನ ಜಾಗಕ್ಕೆ ಯಾರು ಬಂದ್ರು, ಹೇಳು.”

ಟೋಪಿಯ ಅಂಚು ನೋಡಿದ. ಡೋಲಿನಿಂದ ಮೂರನೆಯದು ನನ್ನ ಜಾಗ. ನನ್ನ ಎಡಕ್ಕೆ ಯಾವಾಗಲೂ ಒಬ್ಬ ಎಳೆಯ, ಬಲಕ್ಕೆ ಒಬ್ಬ ಎಳೆಯ. ಮುದುಕ, ಹುಡುಗ, ಮುದುಕ, ಹುಡುಗ, ಹಾಗೇ ತಾನೆ ನಮ್ಮ ಸಾಲು ಕಟ್ಟುತ್ತಿದ್ದದ್ದು? ಉಸಿರು ಸಾಲದ ಕಡೆ ಹುಡುಗ ಎಳೆದುಕೊಂಡು ಹೋಗುತ್ತಾನೆ, ಹೆಜ್ಜೆ ತಪ್ಪಿದ ಕಡೆ ಮುದುಕ ಮೊಣಕೈಯಲ್ಲಿ ತಿವಿಯುತ್ತಾನೆ. ವೊಂಗಾನಿಯ ಪಕ್ಕೆಲುಬಿಗೆ ನನ್ನ ಮೊಣಕೈಯ ಗುರುತು ಇನ್ನೂ ಇರಬೇಕು.

“ಎಲ್ರೂ ಒಂದೇ ವಯಸ್ಸಿನವ್ರು ನಿಂತ್ರೆ ಬಸ್ಸು ಕಾಯೋರ ಥರ ಕಾಣಲ್ವೇನೋ?” ಅಂದೆ.

ನಕ್ಕ. ನಕ್ಕದ್ದಕ್ಕೆ ನಾಚಿಕೊಂಡ. “ಬೆರಕೆ ಸಾಲು ಆದ್ರೆ ನಾವು ಯಾವ ವಿಭಾಗಕ್ಕೂ ಸೇರಲ್ಲ ಮಾವ. ಬಸ್ಸು ಸಿಗಲ್ಲ. ಹುಡುಗ್ರೆಲ್ಲ ಉತ್ಸವಕ್ಕೆ ಅಂತ ಕುಣೀತಾ ಇದಾರೆ.”

ಉತ್ಸವಕ್ಕೆ ನಾನು ಬರುತ್ತೇನೆ ಎಂದೆನೇ? ನನಗೆ ಬೇಕಾದ್ದು ಒಂದೇ ದಿನ. ನಿನ್ನ ಅಕ್ಕನ ಕಲ್ಲಿನ ದಿನ ನಾನು ಸಾಲಿನಲ್ಲಿರಬೇಕು. ಒಬ್ಬನೇ ನಿಂತು ಊದಿದರೆ ಅದು ಲೆಕ್ಕಕ್ಕಿಲ್ಲ, ಸಾಲಿನಲ್ಲೇ ಊದಬೇಕು ಎನ್ನುವುದು ನಿಮ್ಮಪ್ಪನ ಕಲ್ಲು ತೆರೆದಾಗ ನೀನೇ ಎಲ್ಲರಿಗೂ ದೊಡ್ಡ ಗಂಟಲಿನಲ್ಲಿ ಹೇಳಿದ ಮಾತು.

ನಿನ್ನ ಮುಖ್ಯಸ್ಥರಿಗೆ ಹೇಳು: ಆ ಸೊನ್ನೆ ತಪ್ಪು. ತಿದ್ದಿ ಅಂತ ಹೇಳು.

ಯೋಸೆಯಾ

*

ಮ್ಝೂಝು
ಜುಲೈ 19, 2018

ಪ್ರೀತಿಯ ಭಾವ,

ಬೇಸರ ಮಾಡಿಕೊಳ್ಳಬೇಡಿ. ಅಂಕಿಗಳು ರಾಜಧಾನಿಗೆ ಹೋಗಿ, ಅಲ್ಲಿಂದ ಹಣ ಕೊಡುವವರಿಗೂ ಹೋಗಿಬಿಟ್ಟಿವೆ. ಆ ಸೊನ್ನೆಯ ಮೇಲೆಯೇ ಇಡೀ ಯೋಜನೆ ನಿಂತಿದೆ. ಈಗ ಅದನ್ನು ತಪ್ಪು ಎಂದರೆ ಹಿರಿಯರ ವಿಭಾಗವೂ ಹೋಗುತ್ತದೆ, ಹುಡುಗರ ಬಸ್ಸೂ ಹೋಗುತ್ತದೆ, ನಿಜ ಹೇಳಬೇಕೆಂದರೆ ನನ್ನ ಕುರ್ಚಿಯೂ ಹೋಗುತ್ತದೆ.

ಮತ್ತೆ ಭಾವ, ‘ಇಲ್ಲ’ ಎಂದವರು ನೀವೇ ತಾನೆ? ಮಿಸ್ ಮ್ಬೇವೆಗೆ ಸಾವಿನ ವಿಷಯ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ನೀವು ನೆಲಗಡಲೆ ಕೊಟ್ಟು ಸುಮ್ಮನಾದಿರಿ.

ಅಕ್ಕನ ಕೆಲಸ ಚೆನ್ನಾಗಿಯೇ ಆಗುತ್ತದೆ. ನಾನೊಂದು ದಾರಿ ಹುಡುಕುತ್ತಿದ್ದೇನೆ. ಅಲ್ಲಿಯವರೆಗೆ ಹಿರಿಯರ ವಿಭಾಗಕ್ಕೆ ಒಂದು ಸಲ ಹೋಗಿ ಬನ್ನಿ, ನನ್ನ ಮುಖ ನೋಡಿಯಾದರೂ.

ಲೇಟನ್

*

ಚಿಫೂಲೆ
ಆಗಸ್ಟ್ 12, 2018

ಹೋಗಿ ಬಂದೆ.

ಶಾಲೆಯ ಬಯಲಿನ ಮಾವಿನ ಮರದ ಕೆಳಗೆ ಕುರ್ಚಿ ಹಾಕಿದ್ದರು. ಪ್ಲಾಸ್ಟಿಕ್ ಕುರ್ಚಿ, ನೀಲಿ. ಜೀವಮಾನವೆಲ್ಲ ಕುಣಿದವರನ್ನು ಕೂರಿಸಿ ಕೈತಟ್ಟಲು ಹೇಳಿಕೊಟ್ಟರು. ಹೀಗೆ ಎರಡು ಸಲ, ಹೀಗೆ ಒಂದು ಸಲ. ಆಮೇಲೆ ಕೂತಲ್ಲೇ ಕಾಲು ಎತ್ತಿ ಇಳಿಸುವುದು. ಮಿಸ್ ಮ್ಬೇವೆ ಒಳ್ಳೆಯ ಹುಡುಗಿ, ಅವಳ ಮೇಲೆ ನನಗೇನೂ ಕೋಪವಿಲ್ಲ. “ಯಾರಿಗೂ ಸುಸ್ತಾಗ್ಬಾರ್ದು, ಸಂತೋಷ ಆಗ್ಬೇಕು, ಅಷ್ಟೇ,” ಎಂದಳು. ಕೆನಾನಿ ಕೈ ಎತ್ತಿದ.

“ಮಿಸ್, ಸುಸ್ತಾದ್ರೆ ತಾನೇ ನಮ್ಗೆ ಸಂತೋಷ ಆಗೋದು?”

“ಅಜ್ಜಾ, ನಿಮ್ಮ ಬಿಪಿ?”

“ನಂದು ನನ್ ಹೆಂಡ್ತಿ ನೋಡ್ಕೋತಾಳೆ. ಏರಿಸೋಳೂ ಅವ್ಳೇ, ಇಳಿಸೋಳೂ ಅವ್ಳೇ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಹೊರಡುವಾಗ ತಲೆಗೊಂದು ಸೋಪು, ಒಂದು ಪೊಟ್ಟಣ ಸಕ್ಕರೆ. ಕೆನಾನಿ ದಾರಿಯುದ್ದಕ್ಕೂ ಸೋಪು ಮೂಸುತ್ತಾ ಬಂದ. “ಘಮಾ ಅಂತ ಇದೆ ಕಣೋ ಯೋಸೆಯಾ. ಹೆಣ ತೊಳ್ಯೋಕೆ ಇಟ್ಕೋತೀನಿ.” ಆಗ ಯಾರೂ ನಗಲಿಲ್ಲ. ಇದ್ದವರು ನಾವಿಬ್ಬರೇ.

ಅದೇ ಹೊತ್ತಿಗೆ ಬಯಲಿನ ಆಚೆ ತುದಿಯಲ್ಲಿ ಹುಡುಗರ ತಾಲೀಮು ನಡೆದಿತ್ತು. ಅವರು ಕೆಟ್ಟದಾಗಿ ಊದುತ್ತಾರೆ ಎಂದು ಬರೆಯಬೇಕೆಂದಿದ್ದೆ. ಇಲ್ಲ, ಚೆನ್ನಾಗಿ ಊದುತ್ತಾರೆ. ಸಾಲು ಗೆರೆ ಕೊರೆದ ಹಾಗೆ ನೇರ. ಒಬ್ಬನಾದರೂ ಹೆಜ್ಜೆ ತಪ್ಪಲಿ ಎಂದು ಮರದ ಕೆಳಗೆ ಕೂತು ಕಾದೆ. ತಪ್ಪಲಿಲ್ಲ. ಮೊಣಕೈಯಲ್ಲಿ ತಿವಿಯುವವರು ಅವರಿಗೆ ಬೇಕಾಗಿಲ್ಲ ಲೇಟನ್. ನನಗೆ ಅದನ್ನು ನುಂಗಲು ಒಂದು ವಾರ ಬೇಕಾಯಿತು, ಅದಕ್ಕೇ ಈ ಕಾಗದ ತಡವಾದದ್ದು.

ಅವರ ಬುರುಡೆಗೆ ಜೇಡರ ಪೊರೆ ಇಲ್ಲ. ಸಕ್ಕರೆ ಪೊಟ್ಟಣದ ತೆಳು ಪ್ಲಾಸ್ಟಿಕ್ ಕತ್ತರಿಸಿ ಅಂಟಿಸುತ್ತಾರೆ. ದನಿ ಜೋರು, ಆದರೆ ಕಿವಿಯಲ್ಲಿ ನೊಣ ಸಿಕ್ಕಿಕೊಂಡ ಹಾಗೆ. ವೊಂಗಾನಿ ನಮ್ಮ ಅಂಗಳಕ್ಕೆ ಬಂದು ತಲೆಯೆತ್ತಿ ಸೂರು ನೋಡಿದ.

“ಮಾವ, ಅದ್ರ ಪೊರೆ ಒಣಗಿರುತ್ತೆ. ಇಷ್ಟು ದಿನ ಒಲೆ ಹೊಗೇಲಿದೆ. ನಾನೊಂದು ಚೂರು ಪ್ಲಾಸ್ಟಿಕ್ ಅಂಟಿಸಿಕೊಡ್ಲಾ?”

“ಬಟ್ಟೆ ಎಳೆಯೋವರೆಗೂ ಅದನ್ನ ಮುಟ್ಟೋ ಹಾಗಿಲ್ಲ.”

“ಎಳೆದ ಮೇಲೆ, ಅಲ್ಲೇ, ಒಂದು ನಿಮಿಷ. ಜೇಬಲ್ಲಿ ಇಟ್ಕೊಂಡಿರ್ತೀನಿ.”

“ಅದ್ರಲ್ಲಿ ನಿಮ್ಮತ್ತೆ ಅಂಟಿಸಿದ್ದು ಇದೆ. ಅದನ್ನ ಕಿತ್ತು ನಿನ್ನ ಸಕ್ಕರೆ ಚೀಲ ಅಂಟಿಸ್ಬೇಕಾ? ಹೋಗು, ನಿನ್ನ ಬಸ್ಸು ಕಾಯ್ತಾ ಇರುತ್ತೆ.”

ಹಾಗನ್ನಬಾರದಿತ್ತೇನೋ. ಅವನು ತಲೆ ತಗ್ಗಿಸಿಕೊಂಡು ಹೋದ. ಹೋಗುವಾಗ ನೀರಿನ ಕೊಡ ತುಂಬಿಸಿಟ್ಟು ಹೋದ, ಅವಳಿದ್ದಾಗ ಮಾಡುತ್ತಿದ್ದ ಹಾಗೆ.

ಈಗ ನಿನ್ನ ಮಾತಿಗೆ ಬರುತ್ತೇನೆ. ‘ಒಂದು ಮಾತು ಹೇಳಿದ್ದರೆ ಆಗುತ್ತಿತ್ತು’ ಎಂದು ಬರೆದಿದ್ದೀಯ. ಸತ್ತವಳು ನಿನ್ನ ಅಕ್ಕ. ಹುಡುಗಿಯನ್ನು ಕಳಿಸಿದ ಕಚೇರಿ ನಿನ್ನದು. ಆ ಒಂದು ಮಾತು ನಿನ್ನ ಮೇಜಿನ ಮೇಲೆಯೇ ಇತ್ತು. ನಾನು ಇನ್ನು ಬೇಡುವುದಿಲ್ಲ. ಕಲ್ಲಿನ ದಿನ ಡೋಲಿನಿಂದ ಮೂರನೆಯ ಜಾಗ ನನಗೆ ಇಲ್ಲವಾದರೆ ದಂಡು ಬರುವುದೇ ಬೇಡ. ಪಾದ್ರಿ ಪ್ರಾರ್ಥನೆ ಹೇಳಲಿ, ಮರಗೆಣಸಿನ ಮುದ್ದೆ, ಮೀನು ತಿಂದು ಎಲ್ಲರೂ ಮನೆಗೆ ಹೋಗಲಿ. ಅವಳು ದನಿಯಿಲ್ಲದೆ ಇರಲಿ, ನನ್ನ ಹಾಗೆ.

ಯುವರ್ಸ್ ಫೇತ್‌ಫುಲಿ, ಕಾಲೇಜಿನಲ್ಲಿ ಕಲಿತದ್ದು, ಪರಿಚಯವಿಲ್ಲದವರಿಗೆ ಹೀಗೆ ಬರೆಯಬೇಕಂತೆ,

ವೈ. ಲೋಂಗ್ವೆ

*

ಮ್ಝೂಝು
ಸೆಪ್ಟೆಂಬರ್ 5, 2018

ಭಾವ,

ದಾರಿ ಸಿಕ್ಕಿತು. ಆ ದಿನ ನೀವು ಸಾಲಿನಲ್ಲಿ ನಿಲ್ಲುತ್ತೀರಿ, ನಿಮ್ಮ ಜಾಗದಲ್ಲೇ. ಅದನ್ನು ‘ಯುವಕರೊಂದಿಗೆ ಹಿರಿಯರ ಸಹಭಾಗಿತ್ವ’ ಎಂದು ಯೋಜನೆಯ ಕಾರ್ಯಕ್ರಮವಾಗಿ ಸೇರಿಸಿದ್ದೇನೆ. ಮಿಸ್ ಮ್ಬೇವೆ ಬಂದು ನೋಡಿಕೊಳ್ಳುತ್ತಾರೆ. ವೊಂಗಾನಿಗೂ ಹೇಳಿದ್ದೇನೆ, ಅವನಿಗೆ ತುಂಬ ಸಮಾಧಾನವಾಯಿತು.

ಹೇಳಲು ಕಷ್ಟವಾಗುತ್ತಿದೆ. ಅದೇ ಶುಕ್ರವಾರ, ಶನಿವಾರ ನನ್ನನ್ನು ರಾಜಧಾನಿಗೆ ಕರೆದಿದ್ದಾರೆ, ಹಣ ಕೊಡುವವರು ಬರುತ್ತಾರೆ. ಬಟ್ಟೆಯನ್ನು ವೊಂಗಾನಿ ಎಳೆಯಲಿ. ಅವನೂ ನಮ್ಮ ಮನೆಯವನೇ ತಾನೆ.

ನೆಂಟರು ಬರುವ ಮನೆ, ಹೊಗೆ ಹಿಡಿದು ಕೂತಿದೆ ಎಂದು ಕೇಳಿದೆ. ಸುಣ್ಣದ ಚೀಲಗಳನ್ನು ಮಿನಿಬಸ್ಸಿನಲ್ಲಿ ಹಾಕಿಸಿದ್ದೇನೆ. ಹುಡುಗರೇ ಬಂದು ಬಳಿದುಕೊಡುತ್ತಾರೆ, ಅಡುಗೆಕೋಣೆಯೂ ಸೇರಿ. ಇದು ನನ್ನ ಲೆಕ್ಕದ್ದು, ಬೇಡ ಅನ್ನಬೇಡಿ.

ಪರಿಚಯವಿಲ್ಲದವನಲ್ಲ,
ಲೇಟನ್

*

ಚಿಫೂಲೆ
ಸೆಪ್ಟೆಂಬರ್ 23, 2018

ಲೇಟನ್,

ನೀನು ಬರಲಿಲ್ಲವಾದ್ದರಿಂದ ಎಲ್ಲವನ್ನೂ ಬರೆಯಬೇಕಾಗಿದೆ. ಬೆಳಗಿನಿಂದ ಶುರು ಮಾಡಬೇಕೆಂದುಕೊಂಡೆ. ನೆಂಟರನ್ನು ದೋಣಿ ಹತ್ತಿಸಿ, ಕಡ ತಂದ ಕುರ್ಚಿಗಳನ್ನು ಹಿಂದಿರುಗಿಸಿ, ಈಗ ಜಗುಲಿಯ ಮೇಲೆ ಕೂತಿದ್ದೇನೆ.

ಕಲ್ಲು ಚೆನ್ನಾಗಿದೆ. ಕರಿಯದು, ಹೆಸರು ನೇರವಾಗಿ ಕೆತ್ತಿದ್ದಾರೆ. ಜನ ತುಂಬಿದ್ದರು. ಬಟ್ಟೆಯನ್ನು ನಿನ್ನ ಮಗ ಎಳೆದ. ಎದೆಯ ಮೇಲೆ ನಿಮ್ಮ ಯೋಜನೆಯ ಹೆಸರಿರುವ ಬನಿಯನ್ ಹಾಕಿಕೊಂಡು. ಎಳೆದು, ಎರಡೂ ಕೈಯಲ್ಲಿ ಮಡಿಸಿ ನನ್ನ ಕೈಗೆ ಕೊಟ್ಟ. ಅಂಚಿಗೆ ಅಂಚು ಕೂಡಿಸಿ ಮಡಿಸಿದ್ದ, ಅವಳು ಮಡಿಸುತ್ತಿದ್ದ ಹಾಗೆ. ಅದನ್ನು ನಿನಗೆ ಹೇಳಬೇಕು, ಅವನು ಮರೆತವನಲ್ಲ.

ಕೆನಾನಿ ಮನೆಗೆ ಹೋಗಿ ಸೂರಿನಿಂದ ಬುರುಡೆ ಬಿಚ್ಚಿ, ಮಗುವನ್ನು ಹಿಡಿದ ಹಾಗೆ ಹಿಡಿದುಕೊಂಡು ಬಂದ. ಆಮೇಲೆ ತನ್ನ ಹಳೇ ಡೋಲಿನ ಗೋಣಿ ತೆಗೆದ. ಡೋಲು ಬಾರಿಸಲು ಅವನಿಗೂ ಆ ಒಂದು ದಿನದ ಅಪ್ಪಣೆ ಸಿಕ್ಕಿತ್ತು. ಸಾಲು ಕಟ್ಟಿದರು. ಡೋಲಿನಿಂದ ಮೂರನೆಯ ಜಾಗ ಬಿಟ್ಟಿದ್ದರು. ಹೋಗಿ ನಿಂತೆ. ಬಲಕ್ಕೆ ವೊಂಗಾನಿ. ಹಳೇ ಬಿಳಿ ಚಡ್ಡಿ ಸೊಂಟದಲ್ಲಿ ಸಡಿಲವಾಗಿ ಹಗ್ಗ ಕಟ್ಟಿಕೊಂಡಿದ್ದೆ, ಕಾಲುಚೀಲ ಮೊಣಕಾಲಿನವರೆಗೆ ಎಳೆದಿದ್ದೆ. ನೀನು ನೋಡಬೇಕಿತ್ತು.

“ಮಾವ, ಜೇಬಲ್ಲಿದೆ,” ಎಂದ ವೊಂಗಾನಿ, ಬಾಯಿ ಅಲುಗದ ಹಾಗೆ.

“ಮುಂದೆ ನೋಡು,” ಎಂದೆ.

ಕೆನಾನಿ ಡೋಲು ಬಡಿದ. ನಾನು ಬುರುಡೆ ಬಾಯಿಗಿಟ್ಟು ಊದಿದೆ.

ದನಿ ಬರಲಿಲ್ಲ ಲೇಟನ್.

ಬಿಸಿ ಟೀ ಊದಿದ ಹಾಗೆ ಬರೀ ಗಾಳಿ. ಇನ್ನೊಮ್ಮೆ ಊದಿದೆ. ಪೊರೆ ಹಪ್ಪಳವಾಗಿತ್ತು. ಒಂದು ಚೂರು ಕಳಚಿ ನನ್ನ ಗಲ್ಲದ ಮೇಲೆ ಬಿದ್ದದ್ದು ಗೊತ್ತಾಯಿತು. ಅವಳು ಅಂಟಿಸಿದ್ದು. ಅಷ್ಟರಲ್ಲಿ ಸಾಲು ಹೊರಟಿತ್ತು, ಎರಡೂ ಕಡೆಯಿಂದ ಹುಡುಗರ ಪ್ಲಾಸ್ಟಿಕ್ ಬುರುಡೆಗಳು ಗುಂಯ್‌ಗುಡುತ್ತಿದ್ದವು, ಬಯಲು ತುಂಬ ದನಿ. ನಾನು ನಿಲ್ಲಬಹುದಿತ್ತು. ಕೈ ಎತ್ತಿದ್ದರೆ ಸಾಲು ನಿಲ್ಲುತ್ತಿತ್ತು, ಜೇಬಿನ ಚೂರು ಹೊರಗೆ ಬರುತ್ತಿತ್ತು, ಒಂದು ನಿಮಿಷದ ಕೆಲಸ. ಪಕ್ಕದಲ್ಲಿ ಮಿಸ್ ಮ್ಬೇವೆ ಸಾಲಾಗಿ ನೀಲಿ ಕುರ್ಚಿಗಳನ್ನು ಹಾಕಿಸಿದ್ದಳು. ನಾನು ನಿಂತರೆ ಯಾರಾದರೂ ಓಡಿಬಂದು “ಸುಸ್ತಾಯ್ತಾ ಅಜ್ಜಾ, ಕೂತ್ಕೊಳ್ಳಿ” ಎಂದು ಕೈ ಹಿಡಿದು ಅದರಲ್ಲೊಂದಕ್ಕೆ ಕೂರಿಸುತ್ತಿದ್ದರು. ಅದಕ್ಕೇ ನಿಲ್ಲಲಿಲ್ಲ. ಕೆನ್ನೆ ಉಬ್ಬಿಸಿಕೊಂಡು, ಬುರುಡೆ ಎತ್ತಿ ಹಿಡಿದು, ಕುಣಿತ ಮುಗಿಯುವವರೆಗೂ ಹೆಜ್ಜೆ ಹಾಕಿದೆ. ಒಂದು ಹೆಜ್ಜೆಯೂ ತಪ್ಪಲಿಲ್ಲ. ಅವಳ ಕಲ್ಲಿನ ಮುಂದೆ ತಿರುಗುವಾಗ ಎಲ್ಲರ ಬುರುಡೆಗಳೂ ಒಟ್ಟಿಗೆ ಏರುತ್ತವಲ್ಲ, ಅಲ್ಲಿ ನನ್ನದೂ ಏರಿತು.

ವೊಂಗಾನಿಗೆ ಗೊತ್ತಾಯಿತು. ನನ್ನ ಕಡೆ ಅರ್ಧ ಕಿವಿ ತಿರುಗಿಸಿದ. ಆಮೇಲೆ ನೇರ ನೋಡುತ್ತಾ ಕತ್ತಿನ ನರ ಉಬ್ಬುವಷ್ಟು ಜೋರಾಗಿ ಊದತೊಡಗಿದ. ಇಬ್ಬರದನ್ನು ಒಬ್ಬನೇ ಊದುವವನ ಹಾಗೆ.

ಈಗ ದಂಡಿಗೆ ಹೊಸ ಸಿಸ್ಟರ್ ಬಂದಿದ್ದಾಳೆ. ಇಪ್ಪತ್ತು ತುಂಬಿರಬೇಕು, ಬಿಳಿ ಟೋಪಿ. ಬೆವರು ಒರೆಸಲು ಎಲ್ಲರಿಗಿಂತ ಮೊದಲು ನನ್ನ ಹತ್ತಿರ ಬಂದಳು. ಹೂವಿಗೆ ತಾಗಿಸಿದ ಹಾಗೆ ಮೆತ್ತಗೆ ಒರೆಸಿದಳು. ಗಲ್ಲದ ಮೇಲಿದ್ದ ಚೂರನ್ನೂ ಒರೆಸಿಕೊಂಡು ಹೋದಳು.

ಮುಗಿದ ಮೇಲೆ ಎಲ್ಲರೂ ಕೈ ಕುಲುಕಿದರು. ಆಚೆ ದಡದ ನೆಂಟರು, “ಈ ವಯಸ್ಸಲ್ಲೂ ಏನು ಉಸಿರಪ್ಪ ಇವರದ್ದು,” ಎಂದರು. ವೊಂಗಾನಿ ನನ್ನ ಕಾಲುಚೀಲ ನೋಡುತ್ತಾ, “ಚೆನ್ನಾಗಿ ಊದಿದ್ರಿ ಮಾವ,” ಎಂದ. ಅವನಿಗೆ ಸುಳ್ಳು ಹೇಳಲು ಯಾರು ಕಲಿಸಿದರೋ. ಅವನ ಅತ್ತೆಯಾಗಿದ್ದರೆ ಸಾಲಿನ ನಡುವೆಯೇ ನಿಲ್ಲಿಸಿ, “ಏನಿದು, ಹೊಟ್ಟೆ ಉಬ್ಬರಿಸಿದ ಕೋಣದ ಥರ ಬರೀ ಗಾಳಿ ಬಿಡ್ತಿದೀರಲ್ಲ,” ಎನ್ನುತ್ತಿದ್ದಳು.

ಮಿಸ್ ಮ್ಬೇವೆಗೆ ಕಣ್ಣು ತುಂಬಿತ್ತು. ನಿಜವಾಗಿ. ಫೋನಿನ ಹಲಗೆ ನನಗೆ ತೋರಿಸಿದಳು.

“ನೋಡಿ ಅಜ್ಜಾ, ಐವತ್ತೈದು ದಾಟಿದವ್ರು. ಇನ್ಮೇಲೆ ಸೊನ್ನೆ ಅಲ್ಲ.”

ನನಗೊಂದು, ಕೆನಾನಿಗೊಂದು. ಎರಡು ಅಂತ ಬರೆದುಕೊಂಡಳು. ನಿನ್ನ ಮೇಜಿನ ಮೇಲೆ ಈ ಕಾಗದಕ್ಕಿಂತ ಮೊದಲೇ ಅದು ಬಂದಿರುತ್ತದೆ. ರಾಜಧಾನಿಗೆ ಕಳಿಸು, ಅಲ್ಲಿಂದ ಅವರಿಗೂ ಕಳಿಸು. ತಿದ್ದಿ ಅಂತ ಕೇಳಿದ್ದೆನಲ್ಲ, ತಿದ್ದಿದಿರಿ.

ಕೆನಾನಿ ಮಾತ್ರ ಕೈ ಕುಲುಕಲಿಲ್ಲ. ಡೋಲಿನ ಪಕ್ಕ ಇದ್ದವನು ಅವನು, ಅವನ ಕಿವಿ ತಪ್ಪಿಸಲು ಆಗುತ್ತದೆಯೇ. ಮನೆಯ ತನಕ ನನ್ನ ಜೊತೆ ನಡೆದು ಬಂದ. ಅಂಗಳದಲ್ಲಿ ನಿಂತು ಸೂರಿನ ಕಡೆ ನೋಡಿದ.

“ಮತ್ತೆ ಕಟ್ಲಾ?”

“ಕಟ್ಟು.”

ಕಟ್ಟಿ ಹೋದ. ಅವನು ತನ್ನ ಡೋಲಿಗೆ ಮತ್ತೆ ಗೋಣಿ ಹೊದಿಸಿದನೋ ಏನೋ, ನಾನು ಕೇಳಲಿಲ್ಲ. ಇವತ್ತು ಮಧ್ಯಾಹ್ನ ನನಗೆ ಒಂದು ಯೋಚನೆ ಬಂತು. ಹೊಸ ಪೊರೆ ಅಂಟಿಸೋಣ, ನಾನೇ ಕಲಿಯೋಣ, ಇಷ್ಟು ವರ್ಷ ಅವಳು ಮಾಡುವುದನ್ನು ಪಕ್ಕದಲ್ಲಿ ಕೂತು ನೋಡಿಲ್ಲವೇ. ಆಮೇಲೆ ಕಲ್ಲಿನ ಹತ್ತಿರ ಯಾರೂ ಇಲ್ಲದಾಗ ಒಮ್ಮೆ ಊದಿ ಬರೋಣ, ಲೆಕ್ಕಕ್ಕೆ ಇಲ್ಲದಿದ್ದರೂ ಪರವಾಗಿಲ್ಲ ಎಂದುಕೊಂಡೆ. ರಬ್ಬರ್ ಹಾಲು ಬಟ್ಟಲಿನಲ್ಲಿ ತಂದಿಟ್ಟುಕೊಂಡೆ. ಜೇಡದ ಪೊರೆ ಬಿಡಿಸಲು ಅಡುಗೆಕೋಣೆಯ ಹಿಂಗೋಡೆಗೆ ಹೋದೆ. ನೆಂಟರ ಗಡಿಬಿಡಿಯಲ್ಲಿ ಆ ಕಡೆ ತಿರುಗಿ ನೋಡಿರಲಿಲ್ಲ.

ನಿನ್ನ ಸುಣ್ಣ ಒಳ್ಳೆಯ ಸುಣ್ಣ ಲೇಟನ್. ಹುಡುಗರು ಎರಡು ಸಲ ಬಳಿದಿದ್ದಾರೆ, ಮೂಲೆ ಮೂಲೆಯೂ ಬಿಟ್ಟಿಲ್ಲ. ಬಳಿಯುವ ಮೊದಲು ಪೊರಕೆ ಹಾಕಿ ಗುಡಿಸಿದ್ದಾರೆ. ಬುರುಡೆಯನ್ನು ಮಾತ್ರ ಮುಟ್ಟದೆ, ಅದರ ಸುತ್ತ ಸುತ್ತಿ ಬಳಿದಿದ್ದಾರೆ, ಅಷ್ಟು ಮರ್ಯಾದೆ. ಗೋಡೆ ಹಲ್ಲಿನ ಹಾಗೆ ಬೆಳ್ಳಗಿದೆ. ಬೆರಳಾಡಿಸಿ ನೋಡಿದೆ, ಒಂದು ಎಳೆ ಇಲ್ಲ. ಜೇಡಗಳು ಎಲ್ಲಿಗೆ ಹೋದವೋ. ಮಳೆ ಬಿದ್ದ ಮೇಲೆ ಬರಬಹುದು. ಬರದೇ ಇರಬಹುದು. ಸುಣ್ಣದ ಮೇಲೆ ಅವು ಕೂರುವುದಿಲ್ಲ ಎಂದು ಎಸ್ನತ್ ಹೇಳುತ್ತಿದ್ದಳು, ಅಥವಾ ಕೂರುತ್ತವೆ ಎಂದಳೋ, ನಾನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.

ಬಟ್ಟಲಿನ ಹಾಲು ಗಟ್ಟಿಯಾಗಿಬಿಟ್ಟಿದೆ. ಇನ್ನೇನೋ ಬರೆಯುವುದಿತ್ತು, ನೀನು ಬಾರದ್ದರ ಬಗ್ಗೆ. ಸರೋವರದ ಮೇಲೆ ಬೆಳಕು ಹೋಗುತ್ತಿದೆ, ನನ್ನ ಅಕ್ಷರ ನನಗೇ ಕಾಣುತ್ತಿಲ್ಲ. ಆ ಗೋಡೆಯೊಂದು ಮಾತ್ರ ಇನ್ನೂ ಕಾಣುತ್ತಿದೆ.

ಯೋಸೆಯಾ